ಘಟಕ ಕಾಲೇಜೋ, ಸಂಯೋಜಿತ ಕಾಲೇಜೋ? ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಿ.ಎಸ್ಸಿ. ಸೇರುವ ಮುನ್ನ ಒಂದು ಪ್ರಶ್ನೆ

ಹುಣಸೂರು ರೈತ:
ಎಲ್ಲರಿಗೂ ನಮಸ್ಕಾರ. ನಾನು ಹುಣಸೂರು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವವನು, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು. ನನ್ನ ಮಗಳು ಈ ಸಲ ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದಿ ಶೇ 86 ಅಂಕ ತೆಗೆದಿದ್ದಾಳೆ. ಡಾಕ್ಟರು, ಎಂಜಿನಿಯರು ಎಂಬ ಆಸೆ ಅವಳಿಗಿಲ್ಲ, ಬಿ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಟೀಚರ್ ಆಗಬೇಕೆಂಬುದು ಏಳನೇ ತರಗತಿಯಿಂದಲೂ ಅವಳ ಹಟ.

ಈಗ ನಮ್ಮ ಮುಂದೆ ಮೂರು ದಾರಿಗಳಿವೆ. ಮೈಸೂರಿನ ಯುವರಾಜ ಕಾಲೇಜು ಒಂದು, ಮನೆಗೆ ಹತ್ತಿರವಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇನ್ನೊಂದು, ಮೈಸೂರಿನಲ್ಲೇ ಇರುವ ಖಾಸಗಿ ಸ್ವಾಯತ್ತ ಕಾಲೇಜು ಮತ್ತೊಂದು. ಒಂದು ಕಡೆ ‘ಘಟಕ’ ಎಂದೂ ಒಂದು ಕಡೆ ‘ಸಂಯೋಜಿತ’ ಎಂದೂ ಇನ್ನೊಂದು ಕಡೆ ‘ಸ್ವಾಯತ್ತ’ ಎಂದೂ ಬರೆದಿದ್ದಾರೆ. ನಮ್ಮೂರಿನ ಒಬ್ಬರು, ಯುವರಾಜದಲ್ಲಿ ಓದಿದರೆ ಮಾತ್ರ ನಿಜವಾದ ಯೂನಿವರ್ಸಿಟಿ ಡಿಗ್ರಿ ಸಿಗುತ್ತದೆ, ಉಳಿದ ಕಡೆ ಸಿಗುವುದು ಬರೀ ಕಾಲೇಜಿನ ಡಿಗ್ರಿ ಎಂದು ಹೆದರಿಸಿದ್ದಾರೆ. ಇದು ನಿಜವೇ? ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಎಂಬುದೂ ಸ್ಪಷ್ಟವಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ನಿವೃತ್ತ ರಸಾಯನ:
ಯಜಮಾನರೇ, ನಿಮ್ಮೂರಿನವರು ಹೇಳಿದ್ದು ಪೂರ್ತಿ ತಪ್ಪು, ಆ ಭಯವನ್ನು ಮೊದಲು ಬಿಡಿ. ಮೂರೂ ಕಡೆ ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾನಿಲಯವೇ. ಘಟಕ ಕಾಲೇಜೆಂದರೆ ವಿಶ್ವವಿದ್ಯಾನಿಲಯವೇ ಸ್ವತಃ ನಡೆಸುವ ಕಾಲೇಜು; ಕಟ್ಟಡವೂ ಅದರದೇ, ಅಧ್ಯಾಪಕರೂ ಅದರವರೇ. ಮಹಾರಾಜ ಕಾಲೇಜು ಮತ್ತು ಯುವರಾಜ ಕಾಲೇಜು ಇಂಥವು. ಸಂಯೋಜಿತ ಕಾಲೇಜನ್ನು ನಡೆಸುವವರು ಬೇರೆ, ಅಂದರೆ ಸರ್ಕಾರದ ಕಾಲೇಜು ಶಿಕ್ಷಣ ಇಲಾಖೆ ಅಥವಾ ಖಾಸಗಿ ಸಂಸ್ಥೆ. ಆದರೆ ಪಠ್ಯಕ್ರಮ, ಪರೀಕ್ಷೆ, ಪದವಿ ಮೂರೂ ವಿಶ್ವವಿದ್ಯಾನಿಲಯದ್ದು. ಸ್ವಾಯತ್ತ ಕಾಲೇಜಿಗೆ ತನ್ನ ಪಠ್ಯವನ್ನು ತಾನೇ ರೂಪಿಸಿಕೊಂಡು ಪರೀಕ್ಷೆಯನ್ನೂ ತಾನೇ ನಡೆಸುವ ಅಧಿಕಾರ ಇರುತ್ತದೆ, ಪದವಿ ಪ್ರದಾನದ ಅಧಿಕಾರ ಮಾತ್ರ ಇರುವುದಿಲ್ಲ.

ಗೊಂದಲ ಹುಟ್ಟುವುದು ಎಲ್ಲಿ ಎಂದರೆ, ಒಂದೇ ಕಾಲೇಜು ಎರಡು ಹೆಸರನ್ನು ಹೊತ್ತಿರಬಹುದು. ಯುವರಾಜ ಕಾಲೇಜು ಘಟಕ ಕಾಲೇಜೂ ಹೌದು, ಸ್ವಾಯತ್ತ ಕಾಲೇಜೂ ಹೌದು.

ಕೃಷ್ಣರಾಜ ಬುಲೆವಾರ್ಡ್:
ಇದರ ಜೊತೆಗೆ ಮಹಾರಾಣಿ ಕಾಲೇಜನ್ನೂ ಸೇರಿಸಿಕೊಳ್ಳಿ. ಅದೂ ವಿಶ್ವವಿದ್ಯಾನಿಲಯದ್ದೇ, ಹೆಣ್ಣುಮಕ್ಕಳಿಗೆ ಬಹಳ ಅನುಕೂಲ.

ನಿವೃತ್ತ ರಸಾಯನ:
ಇಲ್ಲ ಸರ್, ಇದು ಮೈಸೂರಿನವರೇ ಮಾಡುವ ತಪ್ಪು. ಮಹಾರಾಜ, ಯುವರಾಜ, ಮಹಾರಾಣಿ ಎಂದು ಒಂದೇ ಉಸಿರಿನಲ್ಲಿ ಹೇಳುವುದರಿಂದ ಮೂರೂ ಒಂದೇ ಮನೆಯವೆಂದು ಅನ್ನಿಸುತ್ತದೆ. ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜು ಸರ್ಕಾರಿ ಕಾಲೇಜು, ವಿಶ್ವವಿದ್ಯಾನಿಲಯದ ಘಟಕವಲ್ಲ. ಒಳ್ಳೆಯ ಆಯ್ಕೆಯೇ, ಅದರಲ್ಲಿ ಅನುಮಾನವಿಲ್ಲ, ಆದರೆ ಅರ್ಜಿ ಹಾಕುವ ಕಡೆ ಬೇರೆ.

ಕೃಷ್ಣರಾಜ ಬುಲೆವಾರ್ಡ್:
ಒಪ್ಪಿದೆ. ಮೂವತ್ತು ವರ್ಷ ಆ ರಸ್ತೆಯಲ್ಲೇ ಓಡಾಡಿದವನಿಗೆ ಇದು ಗೊತ್ತಿರಲಿಲ್ಲ.

ಹಾಸನದಿಂದ ಹಾಲೆಂಡಿಗೆ:
ಪದವಿ ಯಾರದು ಎಂಬ ಪ್ರಶ್ನೆ ನನ್ನನ್ನೂ ಒಮ್ಮೆ ಪೇಚಿಗೆ ಸಿಲುಕಿಸಿತ್ತು. ಹಾಸನ ಜಿಲ್ಲೆಯ ಕಾಲೇಜುಗಳು ಇನ್ನೂ ಮೈಸೂರಿನ ವ್ಯಾಪ್ತಿಯಲ್ಲಿದ್ದ ಕಾಲದಲ್ಲಿ ನಾನು ಅಲ್ಲಿನ ಒಂದು ಸಂಯೋಜಿತ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ. ನೆದರ್ಲೆಂಡ್ಸ್‌ನಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ತುಂಬುವಾಗ, ಪದವಿ ನೀಡಿದ ಸಂಸ್ಥೆ ಎಂಬ ಜಾಗದಲ್ಲಿ ಮೂರು ವರ್ಷ ಓದಿದ ಪ್ರೀತಿಗೆ ಕಾಲೇಜಿನ ಹೆಸರನ್ನೇ ಬರೆದುಬಿಟ್ಟೆ. ಪ್ರಮಾಣಪತ್ರದಲ್ಲಿರುವ ಹೆಸರೇ ಬೇರೆ, ಅರ್ಜಿಯಲ್ಲಿರುವ ಹೆಸರೇ ಬೇರೆ ಎಂದು ಅವರು ಅರ್ಜಿಯನ್ನು ವಾಪಸು ಕಳಿಸಿದರು. ತಪ್ಪು ನನ್ನದೇ. ಅಂದಿನಿಂದ ಯಾರು ಕೇಳಿದರೂ ಹೇಳುತ್ತೇನೆ: ಓದಿದ್ದು ಕಾಲೇಜಿನಲ್ಲಿ, ಪದವಿ ವಿಶ್ವವಿದ್ಯಾನಿಲಯದ್ದು.

ಮೊದಲ ಬ್ಯಾಚ್ 2021:
ಅಣ್ಣ, ಮೂರು ವರ್ಷವೋ ನಾಲ್ಕು ವರ್ಷವೋ ಎಂಬುದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ಪ್ರಯೋಗದಲ್ಲಿ ಸಿಕ್ಕಿಬಿದ್ದವರಲ್ಲಿ ನಾನೂ ಒಬ್ಬಳು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಪದವಿ ಕಾಲೇಜುಗಳಲ್ಲಿ ಜಾರಿಗೆ ತಂದಿತು. ಮೂರು ವರ್ಷಕ್ಕೆ ಹೊರಬಂದರೆ ಸಾಮಾನ್ಯ ಪದವಿ, ನಾಲ್ಕನೆಯ ವರ್ಷವನ್ನೂ ಓದಿದರೆ ಆನರ್ಸ್ ಎಂಬ ವ್ಯವಸ್ಥೆ ಬಂತು. ಹೊಸ ಸರ್ಕಾರ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿ, ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024-25ರಿಂದ ಮೂರು ವರ್ಷದ ಪದವಿಗೇ ಮರಳಿತು. ಹಾಗಾಗಿ ನಿಮ್ಮ ಮಗಳಿಗೆ ಮೂರು ವರ್ಷ.

ಆದರೆ ವರ್ಷಗಳ ಲೆಕ್ಕಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ವಿಷಯಗಳ ಲೆಕ್ಕ. ಹಿಂದೆ ಬಿ.ಎಸ್ಸಿ. ಎಂದರೆ ಮೂರು ಐಚ್ಛಿಕ ವಿಷಯಗಳು. ನಮ್ಮ ಬ್ಯಾಚಿಗೆ ಎರಡೇ ಆದವು. ನಾನು ಭೌತಶಾಸ್ತ್ರ, ಗಣಿತ ಇಟ್ಟುಕೊಂಡು ರಸಾಯನಶಾಸ್ತ್ರವನ್ನು ಕೈಬಿಟ್ಟೆ. ಹೈಸ್ಕೂಲು ಶಿಕ್ಷಕರ ಹುದ್ದೆಯನ್ನು ನಮ್ಮ ರಾಜ್ಯದಲ್ಲಿ ಕರೆಯುವುದೇ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಎಂದು, ಸಿಬಿಜಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು. ಎರಡೇ ಅಕ್ಷರ ಕೈಯಲ್ಲಿರುವ ನಮ್ಮನ್ನು ಮೂರಕ್ಷರದ ಹುದ್ದೆಗೆ ಹೇಗೆ ಪರಿಗಣಿಸುತ್ತಾರೋ ಎಂದು ಇಡೀ ತರಗತಿ ಚಿಂತೆಯಲ್ಲಿತ್ತು. ಈಗ ಮತ್ತೆ ಮೂರು ವಿಷಯಗಳು ಬಂದಿರುವುದು ಟೀಚರ್ ಆಗಬೇಕೆನ್ನುವವರಿಗೆ ಒಳ್ಳೆಯ ಸುದ್ದಿ. ಯಾವ ಕಾಲೇಜು ಎನ್ನುವುದಕ್ಕಿಂತ ಮೊದಲು ಯಾವ ಕಾಂಬಿನೇಷನ್ ಎಂದು ನಿರ್ಧರಿಸಿ.

ನಾಲ್ಕರ ಪರ:
ನಾಲ್ಕು ವರ್ಷದ ಪದವಿಯನ್ನು ಹೀಗೆ ತಳ್ಳಿಹಾಕಬೇಡಿ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆಯೇ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಪಿಎಚ್‌.ಡಿ. ಸೇರಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2024ರಲ್ಲಿ ಹೇಳಿದೆ. ಬೇರೆ ರಾಜ್ಯದ ಮಕ್ಕಳಿಗೆ ಸಿಗುವ ಈ ಅವಕಾಶ ನಮ್ಮ ಮಕ್ಕಳ ಕೈತಪ್ಪಿತು.

ಮೊದಲ ಬ್ಯಾಚ್ 2021:
ಸರ್, ಪಿಎಚ್‌.ಡಿ. ಮಾಡುವವರು ನೂರಕ್ಕೆ ಎಷ್ಟು ಮಂದಿ? ಉಳಿದವರಿಗೆ ಬಿ.ಎಸ್ಸಿ., ಎಂ.ಎಸ್ಸಿ. ಸೇರಿ ಮೂರು ಕೂಡಿಸು ಎರಡೂ ಐದೇ, ನಾಲ್ಕು ಕೂಡಿಸು ಒಂದೂ ಐದೇ. ಇಲ್ಲಿ ಕೇಳಿರುವವರ ಮಗಳು ಹೈಸ್ಕೂಲಿನಲ್ಲಿ ಪಾಠ ಮಾಡಬೇಕೆಂದಿದ್ದಾಳೆ.

ನಾಲ್ಕರ ಪರ:
ಹದಿನೆಂಟು ವರ್ಷಕ್ಕೆ ಹೈಸ್ಕೂಲು ಎಂದವಳು ಇಪ್ಪತ್ತೊಂದಕ್ಕೆ ಸಂಶೋಧನೆ ಎನ್ನಬಾರದೆಂದು ನಿಯಮವಿದೆಯೇ? ಬಾಗಿಲು ತೆರೆದಿರಲಿ ಎಂದಷ್ಟೇ ನಾನು ಹೇಳಿದ್ದು.

ತಾಲ್ಲೂಕು ಅತಿಥಿ:
ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಊರಿನ ಹೆಸರು ಬೇಡ. ನಮ್ಮಂಥ ಕಾಲೇಜುಗಳ ಬಗ್ಗೆ ಇಲ್ಲಿ ಯಾರೂ ಮಾತಾಡುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬಿ.ಎಸ್ಸಿ. ತರಗತಿಯಲ್ಲಿ ಹದಿನಾರು ಮಕ್ಕಳಿದ್ದಾರೆ. ಯಾರಿಗೆ ಯಾವ ಲೆಕ್ಕ ಬರುವುದಿಲ್ಲ, ಯಾರ ಮನೆಯಲ್ಲಿ ಹಸು ಕರು ಹಾಕಿದೆ ಎಂಬುದೆಲ್ಲ ನನಗೆ ಗೊತ್ತು. ದೊಡ್ಡ ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಳೆದುಹೋಗುವ ಹುಡುಗಿ ಇಲ್ಲಿ ಕಳೆದುಹೋಗುವುದಿಲ್ಲ.

ನಿವೃತ್ತ ರಸಾಯನ:
ತಮ್ಮ ಶ್ರದ್ಧೆಯ ಬಗ್ಗೆ ಗೌರವವಿದೆ, ಆದರೆ ಪ್ರಯೋಗಾಲಯದ ಬಗ್ಗೆಯೂ ಹೇಳಬೇಕಲ್ಲವೇ? ಅತಿಥಿ ಉಪನ್ಯಾಸಕರ ನೇಮಕವೇ ತಡವಾದರೆ ಪ್ರಾಯೋಗಿಕ ತರಗತಿಗಳೆಲ್ಲ ಸೆಮಿಸ್ಟರಿನ ಕೊನೆಯ ವಾರಗಳಿಗೆ ಬಂದು ಗುಡ್ಡೆ ಬೀಳುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ಲವಣ ವಿಶ್ಲೇಷಣೆಯಲ್ಲಿ ನೈಟ್ರೇಟ್ ಪತ್ತೆಮಾಡಲು ಕಂದು ಉಂಗುರದ ಪರೀಕ್ಷೆ ಮಾಡುತ್ತೇವೆ. ದ್ರಾವಣಕ್ಕೆ ಫೆರಸ್ ಸಲ್ಫೇಟ್ ಬೆರೆಸಿದ ಮೇಲೆ, ಪ್ರನಾಳವನ್ನು ಓರೆಯಾಗಿ ಹಿಡಿದು, ಸಾರ ಸಲ್ಫ್ಯೂರಿಕ್ ಆಮ್ಲವನ್ನು ಅದರ ಗೋಡೆಯ ಮೇಲೆ ಹನಿಹನಿಯಾಗಿ ಇಳಿಯಬಿಡಬೇಕು. ಆಮ್ಲ ಭಾರವಾದ್ದರಿಂದ ತಳಕ್ಕೆ ಹೋಗಿ ನಿಲ್ಲುತ್ತದೆ, ಎರಡು ದ್ರವಗಳು ಮುಟ್ಟುವ ಗೆರೆಯಲ್ಲಿ ಕಂದು ಉಂಗುರ ಮೂಡುತ್ತದೆ. ಪುಸ್ತಕದಲ್ಲಿ ಮಾತ್ರ ಓದಿ ಬಂದ ವಿದ್ಯಾರ್ಥಿ ಆಮ್ಲವನ್ನು ಒಮ್ಮೆಗೇ ಸುರಿದು ಪ್ರನಾಳವನ್ನು ಅಲುಗಾಡಿಸುತ್ತಾನೆ. ಉಂಗುರವೂ ಇಲ್ಲ, ಕೈ ಸುಟ್ಟುಕೊಳ್ಳುವ ಅಪಾಯ ಬೇರೆ. ಪರೀಕ್ಷಕನಾಗಿ ಹೋದ ಕಡೆ ಯಾರು ವರ್ಷವಿಡೀ ಲ್ಯಾಬಿನಲ್ಲಿ ನಿಂತವರು, ಯಾರು ಕೊನೆಯ ವಾರ ನಿಂತವರು ಎಂಬುದು ಪ್ರನಾಳವನ್ನು ಹಿಡಿಯುವ ರೀತಿಯಲ್ಲೇ ನನಗೆ ತಿಳಿದುಬಿಡುತ್ತಿತ್ತು. ನಾಳೆ ಹೈಸ್ಕೂಲು ಮಕ್ಕಳ ಮುಂದೆ ಪ್ರಯೋಗ ಮಾಡಿ ತೋರಿಸಬೇಕಾದವಳಿಗೆ ಈ ಕೈ ಬೇಕೇ ಬೇಕು. ಆದ್ದರಿಂದ ಯಜಮಾನರೇ, ಯಾವ ಕಾಲೇಜಿಗೆ ಹೋದರೂ ರಸಾಯನಶಾಸ್ತ್ರದ ಲ್ಯಾಬನ್ನು ನೋಡಬೇಕೆಂದು ಕೇಳಿ. ಒಂದು ಬ್ಯೂರೆಟ್ಟಿಗೆ, ಅಂದರೆ ದ್ರಾವಣವನ್ನು ಅಳೆದು ಹನಿಸುವ ಗಾಜಿನ ಕೊಳವೆಗೆ, ಎಷ್ಟು ಮಕ್ಕಳು ಎಂದು ವಿಚಾರಿಸಿ.

ತಾಲ್ಲೂಕು ಅತಿಥಿ:
ನೇಮಕ ತಡವಾಗುವುದು ನಿಜ, ಅಲ್ಲಗಳೆಯುವುದಿಲ್ಲ. ಆ ತಿಂಗಳುಗಳಲ್ಲಿ ಸಂಬಳವಿಲ್ಲದೆ ಮನೆಯಲ್ಲಿ ಕೂರುವವರೂ ನಾವೇ. ಆದರೆ ಬ್ಯೂರೆಟ್ಟಿನ ಲೆಕ್ಕಕ್ಕೆ ಬಂದರೆ, ಹದಿನಾರು ಮಕ್ಕಳಿರುವ ಕಡೆ ಒಬ್ಬೊಬ್ಬರಿಗೂ ಒಂದೊಂದು ಸಿಗುತ್ತದೆ ಸರ್. ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಎಷ್ಟು ಜನಕ್ಕೆ ಒಂದು ಎಂಬುದನ್ನು ಅಲ್ಲಿ ಓದಿದವರೇ ಹೇಳಲಿ.

ನಿವೃತ್ತ ರಸಾಯನ:
ಈ ಮಾತನ್ನು ಒಪ್ಪುತ್ತೇನೆ.

ಮಾನಸಗಂಗೋತ್ರಿ ಹಾಸ್ಟೆಲ್:
ಸಂಯೋಜಿತ ಕಾಲೇಜಿನಿಂದ ಬಂದ ನಾನು ಈಗ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನನ್ನ ತರಗತಿಯಲ್ಲಿ ಯುವರಾಜದವರೂ ಇದ್ದಾರೆ, ಹಳ್ಳಿ ಕಡೆಯ ಕಾಲೇಜಿನವರೂ ಇದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಅವರ ಇಂಗ್ಲಿಷ್ ಕೇಳಿ ಹೆದರಿದ್ದು ನಿಜ, ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಯಾರು ಎಲ್ಲಿಂದ ಬಂದವರೆಂಬುದೇ ಮರೆತುಹೋಯಿತು. ಹೆಸರು ಹೊತ್ತ ಕಾಲೇಜು ಮೊದಲ ಆರು ತಿಂಗಳಿಗೆ ಮಾತ್ರ ಸಹಾಯಕ್ಕೆ ಬರುತ್ತದೆ.

ಕನ್ನಡ ಮಾಧ್ಯಮ:
ಇಂಗ್ಲಿಷಿನ ಮಾತು ಬಂದದ್ದರಿಂದ ಕೇಳುತ್ತೇನೆ. ಅಣ್ಣ, ನಿಮ್ಮ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮವೇ?

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಶಿಕ್ಷಕಿ, ಹನ್ನೊಂದು ವರ್ಷದ ಸೇವೆಯಾಗಿದೆ. ನಮ್ಮ ವ್ಯವಸ್ಥೆಯ ಸೋಜಿಗ ನೋಡಿ. ಹತ್ತನೆಯ ತರಗತಿಯವರೆಗೆ ಆಮ್ಲ, ಪ್ರತ್ಯಾಮ್ಲ, ಸಂವೇಗ, ಜಡತ್ವ ಎಂದು ಕಲಿತೆ; ಪಿಯುಸಿಯಿಂದ ಬಿ.ಎಸ್ಸಿ.ವರೆಗೆ ಐದು ವರ್ಷ ಅವುಗಳನ್ನೇ ಆ್ಯಸಿಡ್, ಬೇಸ್, ಮೊಮೆಂಟಮ್, ಇನರ್ಷಿಯಾ ಎಂದು ಬಾಯಿಪಾಠ ಮಾಡಿದೆ. ಕೆಲಸ ಸಿಕ್ಕಿದ್ದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಮೊದಲ ದಿನ ಕಪ್ಪು ಹಲಗೆಯ ಮುಂದೆ ನಿಂತಾಗ ಮೊಮೆಂಟಮ್ ಎಂಬುದಕ್ಕೆ ಕನ್ನಡದ ಪದ ನೆನಪಾಗದೆ ಬೆವತುಹೋದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕ ನೋಡಿ ‘ಸಂವೇಗ ಮಿಸ್’ ಎಂದ. ಬಿ.ಎಸ್ಸಿ. ಓದುವಾಗಲೇ ಎಂಟು, ಒಂಬತ್ತು, ಹತ್ತನೆಯ ತರಗತಿಯ ಕನ್ನಡ ವಿಜ್ಞಾನ ಪುಸ್ತಕಗಳನ್ನು ಪಕ್ಕದಲ್ಲಿ ಇಟ್ಟುಕೊಂಡಿರಲು ಮಗಳಿಗೆ ಹೇಳಿ.

ಹುಣಸೂರು ರೈತ:
ಹೌದು ಮೇಡಂ, ಹತ್ತರವರೆಗೆ ಕನ್ನಡ ಮಾಧ್ಯಮವೇ. ಪಿಯುಸಿ ಮೊದಲ ವರ್ಷ ಬಹಳ ಅತ್ತಳು, ಆಮೇಲೆ ಸುಧಾರಿಸಿಕೊಂಡಳು. ಆ ಪುಸ್ತಕಗಳು ಅಟ್ಟದ ಮೇಲಿವೆ, ರದ್ದಿಗೆ ಹಾಕಿಲ್ಲ.

ಬಿಸಿಎ ಮಾಡಿ:
ಇಷ್ಟೆಲ್ಲ ತಲೆನೋವು ಏಕೆ? ಬಿಸಿಎ ಸೇರಿಸಿ, ಮೂರು ವರ್ಷಕ್ಕೆ ಬೆಂಗಳೂರಿನಲ್ಲಿ ಕೆಲಸ.

ನಿರ್ವಾಹಕ:
ಪ್ರಶ್ನೆ ಕೇಳಿದವರ ಮಗಳು ಶಿಕ್ಷಕಿಯಾಗಬೇಕೆಂದಿದ್ದಾಳೆ. ಬಿಸಿಎ ಚರ್ಚೆಗೆ ಬೇರೆ ಎಳೆ ತೆರೆಯಿರಿ.

ಪಾಠಪಟ್ಟಿ:
ಶಿಕ್ಷಕಿಯಾಗುವುದೇ ಗುರಿಯಾದರೆ, ಮೈಸೂರಿನಲ್ಲೇ ಇರುವ ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲವೆಂಬುದು ಆಶ್ಚರ್ಯ. ಮಾನಸಗಂಗೋತ್ರಿಗೆ ಹೊಂದಿಕೊಂಡೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಊರಿನವರಿಗೆ ಅದು ಆರ್‌ಐಇ. ಎನ್‌ಸಿಇಆರ್‌ಟಿ ಅದನ್ನು 1963ರಲ್ಲಿ ಆರಂಭಿಸಿತು. ಅಲ್ಲಿ ಬಿ.ಎಸ್ಸಿ. ಮತ್ತು ಬಿ.ಇಡಿ. ಎರಡನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸುವ ಸಂಯುಕ್ತ ಪದವಿ ಇದೆ. ಸಂಸ್ಥೆ ಕೇಂದ್ರದ್ದಾದರೂ ಅಲ್ಲಿ ಓದಿದವರು ಪದವಿ ಪಡೆಯುತ್ತ ಬಂದಿರುವುದು ಮೈಸೂರು ವಿಶ್ವವಿದ್ಯಾನಿಲಯದಿಂದಲೇ. ಬೇರೆ ಕಡೆ ಮೂರು ವರ್ಷ ಬಿ.ಎಸ್ಸಿ. ಮಾಡಿ, ಮತ್ತೆ ಎರಡು ವರ್ಷ ಬಿ.ಇಡಿ. ಮಾಡಿದರೆ ಐದು ವರ್ಷವಾಗುತ್ತದೆ. ಇಲ್ಲಿ ಒಂದು ವರ್ಷ ಉಳಿಯುತ್ತದೆ. ಇದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು, ಪಿಯುಸಿ ಫಲಿತಾಂಶ ಬರಲಿ ಎಂದು ಕಾಯುತ್ತ ಕುಳಿತರೆ ಅರ್ಜಿಯ ದಿನಾಂಕ ಮುಗಿದುಹೋಗಿರುವ ಸಾಧ್ಯತೆ ಹೆಚ್ಚು. ಇಂದೇ ವಿಚಾರಿಸಿ.

ಮೊದಲ ಬ್ಯಾಚ್ 2021:
ಇದು ನನಗೆ ನಾಲ್ಕು ವರ್ಷದ ಹಿಂದೆ ಗೊತ್ತಿದ್ದರೆ!

ಚಾಮರಾಜನಗರದ ಹುಡುಗ:
ನಿಮ್ಮದು ಮೈಸೂರು ಜಿಲ್ಲೆಯಾದ್ದರಿಂದ ಬಚಾವಾದಿರಿ. ನಮ್ಮ ಜಿಲ್ಲೆಯ ಸುವರ್ಣಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, ಆಮೇಲೆ ಅದೇ ಚಾಮರಾಜನಗರ ವಿಶ್ವವಿದ್ಯಾನಿಲಯವಾಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತೆತ್ತಿದಾಗ ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ನನ್ನ ಅಂಕಪಟ್ಟಿಯ ಮೇಲೆ ಕೊನೆಗೆ ಯಾವ ಹೆಸರಿರುತ್ತದೆ ಎಂದು ಅಜ್ಜಿ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಕಡತ:
ಮೈಸೂರು ವಿಶ್ವವಿದ್ಯಾನಿಲಯದ ಕಥೆಯೇ ಪಾಲು ಪಾರಿಕತ್ತಿನ ಕಥೆ. ನಾಲ್ವಡಿಯವರ ಕಾಲದಲ್ಲಿ 1916ರ ಜುಲೈ 27ರಂದು ಆರಂಭವಾದಾಗ, ಬ್ರಿಟಿಷರ ನೇರ ಆಡಳಿತದ ಹೊರಗಿನ ಮೊದಲ ವಿಶ್ವವಿದ್ಯಾನಿಲಯ ಇದಾಗಿತ್ತು. ಕೈಯಲ್ಲಿದ್ದ ಮುಖ್ಯ ಕಾಲೇಜುಗಳು ಎರಡು: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕಲಾ ವಿಷಯಗಳು ಇಲ್ಲಿ, ವಿಜ್ಞಾನ ಅಲ್ಲಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅತ್ತ ಹೋಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ, 1996ರಲ್ಲಿ ಅಂಚೆ ಶಿಕ್ಷಣದ ವಿಭಾಗ ಬೇರೆಯಾಗಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಈಚೆಗೆ ಹಾಸನ, ಮಂಡ್ಯ, ಚಾಮರಾಜನಗರ. ಯುವರಾಜ ಕಾಲೇಜು 1928ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಶುರುವಾದದ್ದು. ಮೈಸೂರಿನಲ್ಲಿ ಬಿ.ಎಸ್ಸಿ. ಎಂದೊಡನೆ ಅದರ ಹೆಸರು ಬಾಯಿಗೆ ಬರುವುದು ಆಮೇಲಿನ ಮಾತು.

ಕೃಷ್ಣರಾಜ ಬುಲೆವಾರ್ಡ್:
ಇಷ್ಟು ಪಾಲಾದ ಮೇಲೂ ಎಲ್ಲರೂ ‘ನಾನು ಮೈಸೂರು ಯೂನಿವರ್ಸಿಟಿ’ ಎಂದೇ ಹೇಳುತ್ತಾರೆ ನೋಡಿ. ನಮ್ಮ ತಂದೆ ಬೆಂಗಳೂರಿನಲ್ಲಿ ಓದಿದವರು, ಅವರದೂ ಮೈಸೂರು ಪದವಿ.

ಹುಣಸೂರು ರೈತ:
ಎಲ್ಲರಿಗೂ ಕೈಮುಗಿಯುತ್ತೇನೆ. ಗುರುವಾರ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿಬಂದೆ. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲ, ನನ್ನದೊಬ್ಬನದೇ ಟಿಕೆಟ್. ಆರ್‌ಐಇ ಪರೀಕ್ಷೆಯ ಅರ್ಜಿ ಈ ವರ್ಷಕ್ಕೆ ಮುಗಿದುಹೋಗಿದೆ. ಪಾಠಪಟ್ಟಿಯವರ ಮಾತು ಮೊದಲೇ ಗೊತ್ತಿದ್ದರೆ ಎಂದು ಬಹಳ ಬೇಜಾರಾಯಿತು. ಹೋದ ಎರಡೂ ಕಾಲೇಜುಗಳಲ್ಲಿ ನಿವೃತ್ತ ಮೇಷ್ಟ್ರು ಹೇಳಿದಂತೆ ಲ್ಯಾಬ್ ತೋರಿಸಿ ಎಂದು ಕೇಳಿದೆ. ಒಂದು ಕಡೆ ನನ್ನ ಮುಖ ನೋಡಿ ನಕ್ಕರು, ಒಂದು ಕಡೆ ತೋರಿಸಿದರು. ಮಗಳು ಒಳಗೆ ಹೋಗಿ ಬ್ಯೂರೆಟ್ ಎಣಿಸಿಕೊಂಡು ಬಂದಳು.

ಯುವರಾಜಕ್ಕೂ, ಹತ್ತಿರದ ಸರ್ಕಾರಿ ಕಾಲೇಜಿಗೂ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದೇವೆ. ಸೀಟು, ಹಾಸ್ಟೆಲ್ ಎರಡೂ ಸಿಕ್ಕರೆ ಮೈಸೂರು, ಇಲ್ಲದಿದ್ದರೆ ಇಲ್ಲೇ. ನಾನು ಪಿಸಿಎಂ ಎಂದುಕೊಂಡಿದ್ದೆ. ವಾಪಸು ಬರುವಾಗ ಬಿಳಿಕೆರೆ ದಾಟಿದ ಮೇಲೆ ಅವಳು, ‘ಅಪ್ಪಾ, ನನಗೆ ಸಸ್ಯಶಾಸ್ತ್ರ ಬಿಡಲು ಇಷ್ಟವಿಲ್ಲ, ಸಿಬಿಜಡ್ ತೆಗೆದುಕೊಳ್ಳುತ್ತೇನೆ’ ಎಂದಳು. ಸಿಬಿಜಡ್ ತೆಗೆದುಕೊಂಡರೆ ಟೀಚರ್ ಹುದ್ದೆಗೆ ತೊಂದರೆ ಇದೆಯೇ?

ಕನ್ನಡ ಮಾಧ್ಯಮ:
ತೊಂದರೆಯಿಲ್ಲ ಅಣ್ಣ, ಹೈಸ್ಕೂಲಿನಲ್ಲಿ ಸಿಬಿಜಡ್ ಹುದ್ದೆ ಬೇರೆಯೇ ಇದೆ. ಗಣಿತ ಪಾಠ ಮಾಡುವ ಆಸೆ ಇದೆಯೇ ಎಂದು ಮಾತ್ರ ಕೇಳಿ, ಅದಿದ್ದರೆ ಪಿಸಿಎಂ ಬೇಕಾಗುತ್ತದೆ.

ಹುಣಸೂರು ರೈತ:
ಕೇಳಿದೆ. ಗಣಿತ ಎಂದೊಡನೆ ಎದ್ದು ಒಳಗೆ ಹೋದಳು.

ನಿವೃತ್ತ ರಸಾಯನ:
ಹಾಗಾದರೆ ಸಿಬಿಜಡ್. ಲ್ಯಾಬಿಗೆ ಹತ್ತಿಯ ಕೋಟು ಕೊಡಿಸಿ, ನೈಲಾನ್ ಬೇಡ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ನಿರ್ವಾಹಕ:
ಅರ್ಜಿಗೆ ಕೂರುವ ಮೊದಲು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ತೆಗೆಸಿಟ್ಟುಕೊಳ್ಳಿ. ಅದರ ಮೇಲಿರುವ ಆರ್‌.ಡಿ. ಸಂಖ್ಯೆಯನ್ನು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳುತ್ತಾರೆ. ಹಳೆಯ ಪ್ರಮಾಣಪತ್ರವಿದ್ದರೆ ಅವಧಿ ಮುಗಿದಿದೆಯೇ ನೋಡಿ.

ಹುಣಸೂರು ರೈತ:
ಜಾತಿಯದು ಇದೆ, ಆದಾಯದ್ದರ ಅವಧಿ ಮುಗಿದಿದೆ. ಸೋಮವಾರ ಬೆಳಿಗ್ಗೆಯೇ ನಾಡಕಚೇರಿಗೆ ಹೋಗುತ್ತೇನೆ, ಸಸಿ ನೆಡುವ ಆಳುಗಳು ಬರುವುದು ಮಂಗಳವಾರ.